ಪಂಚಾಯಿತಿಯ ಕರಾರು

ಮಹಾತ್ಮಾ ಗಾಂಧಿಯವರನ್ನು ಸ್ಮರಿಸುವವರು ಸತ್ಯಾಗ್ರಹವನ್ನೂ ಸೆರೆವಾಸವನ್ನೂ ಹೇಳುವರು. ಪಂಚರ ತೀರ್ಪಿನ ವಿಷಯದಲ್ಲಿ ಅವರಿಗಿದ್ದ ನಿಷ್ಠೆಯನ್ನು ಹೇಳುವವರು ವಿರಳ. ಕರಾರಿಗೆ ರುಜು ಹಾಕಿ, ತೀರ್ಪು ತಮಗೆ ಪ್ರತಿಕೂಲವಾದೀತೆಂದು ತೋರಿದೊಡನೆ ನೆಪವೊಡ್ಡಿ ನ್ಯಾಯಸ್ಥಾನಕ್ಕೆ ಓಡುವವರಿಗೆ ಕೊರತೆಯಿಲ್ಲದ ಈ ದಿನಗಳಲ್ಲಿ ಆ ಚರಿತ್ರೆಯನ್ನು ವಾಚಕರ ಮುಂದಿಡುವುದು ಉಚಿತವೆಂದು ನಾವು ಭಾವಿಸುತ್ತೇವೆ.

1869ರಲ್ಲಿ ಪೋರಬಂದರಿನಲ್ಲಿ ಜನಿಸಿ 1891ರಲ್ಲಿ ಬ್ಯಾರಿಸ್ಟರರಾದ ಗಾಂಧಿಯವರು, 1893ರಲ್ಲಿ ದಾದಾ ಅಬ್ದುಲ್ಲಾ ಎಂಬ ವರ್ತಕರ ದಾವೆಯ ನಿಮಿತ್ತ ದಕ್ಷಿಣ ಆಫ್ರಿಕಕ್ಕೆ ತೆರಳಿದರು. ಪ್ರಿಟೋರಿಯಾದ ತಯ್ಯಬ್ ಸೇಠರಿಂದ 40,000 ಪೌಂಡು ಬರತಕ್ಕದ್ದೆಂಬುದು ದಾವೆ. ವಾದಿ ಪ್ರತಿವಾದಿಗಳು ಪರಸ್ಪರ ಬಂಧುಗಳು. ತಮ್ಮ ಕಕ್ಷಿಗಾರರ ಪಕ್ಷವು ಬಲವಾಗಿದ್ದರೂ, ವಕೀಲರ ಫೀಜು ಇಬ್ಬರನ್ನೂ ಹಾಳುಮಾಡುವುದೆಂದರಿತ ಗಾಂಧಿಯವರು ಉಭಯರನ್ನೂ ಪಂಚಾಯಿತಿಗೆ ಒಪ್ಪಿಸಿದರು. ದಾದಾ ಅಬ್ದುಲ್ಲಾ ಗೆದ್ದರು. ಆದರೆ 37,000 ಪೌಂಡನ್ನೂ ಖರ್ಚನ್ನೂ ಒಮ್ಮೆಗೇ ವಸೂಲು ಮಾಡಹೊರಟರೆ ಸೋತವರು ದಿವಾಳಿಯಾಗುವುದು ಖಂಡಿತವಾಗಿತ್ತು. ದೀರ್ಘಾವಧಿಯ ಕಂತುಗಳಿಗೆ ಗೆದ್ದವರ ಮನವೊಲಿಸುವುದು ಪಂಚಾಯಿತಿಗೆ ಒಪ್ಪಿಸಿದ್ದಕ್ಕಿಂತಲೂ ಪ್ರಯಾಸದ ಕೆಲಸವಾಯಿತು. ಅದನ್ನೂ ಅವರು ಸಾಧಿಸಿದರು.

ಸ್ವದೇಶಕ್ಕೆ ಮರಳಿದ ಮೇಲೆ, 1918ರಲ್ಲಿ, ಅಹಮದಾಬಾದಿನ ಗಿರಣಿಗಳ ಕೂಲಿಯ ವಿವಾದ ಪಂಚರ ಮುಂದೆ ಬಂತು. ಕೂಲಿಗಾರರ ಪರವಾದ ಪಂಚರಲ್ಲಿ ಗಾಂಧಿಯವರೂ ಒಬ್ಬರು. ಅಷ್ಟರಲ್ಲಿ ಕೆಲವು ಕೂಲಿಗಾರರು ತಪ್ಪುತಿಳಿವಳಿಕೆಯಿಂದ ಕೆಲಸ ನಿಲ್ಲಿಸಿದರು. ತಮ್ಮವರ ಈ ತಪ್ಪನ್ನು ಮುಚ್ಚಿಡದೆ ಒಪ್ಪಿ, ಸರಿಪಡಿಸಲು ಗಾಂಧಿಯವರು ಮುಂದಾದರು. ಮಾಲೀಕರಾದರೋ ಅದನ್ನೇ ಕಾರಣಮಾಡಿ ಪಂಚಾಯಿತಿಯಿಂದ ಹೊರಬಿದ್ದರು. ನೂರಕ್ಕೆ 20ರ ಹೆಚ್ಚಳಕ್ಕೆ ಒಪ್ಪದವರಿಗೆ ಗಿರಣಿಯ ಬಾಗಿಲು ಮುಚ್ಚಿದರು. ಬೀಗಮುದ್ರೆಯೂ ಮುಷ್ಕರವೂ ಉಪವಾಸವೂ ನಡೆದ ಬಳಿಕ ಮಾರ್ಚ್ 18ರಂದು ರಾಜಿಯಾಯಿತು. ಆ ರಾಜಿಯೂ ಪುನಃ ಪಂಚಾಯಿತಿಗೇ ಬಂದು ನಿಂತಿತು! ಆನಂದಶಂಕರ ಧ್ರುವರು ಆಗಸ್ಟಿನಲ್ಲಿ ನೂರಕ್ಕೆ 35ರ ಹೆಚ್ಚಳವನ್ನು ವಿಧಿಸಿದರು. ಮಾಲೀಕರು ತಮ್ಮ ಸ್ನೇಹಿತರಾದ್ದರಿಂದ ಉಪವಾಸವು ಅವರ ಮೇಲೆ ಒತ್ತಾಯವಾಗಿ ಪರಿಣಮಿಸಿತೆಂಬ ದೋಷವನ್ನೂ ಗಾಂಧಿಯವರು ಬಹಿರಂಗವಾಗಿಯೇ ಒಪ್ಪಿಕೊಂಡರು. ಮೊದಲೇ ಕರಾರಿಗೆ ಬದ್ಧರಾಗಿದ್ದಿದ್ದರೆ ಕೂಲಿಗಾರರ ಮನೆಗಳಲ್ಲಿ ಅಷ್ಟು ದಿನ ಒಲೆ ಆರುತ್ತಿರಲಿಲ್ಲ.

ಪಂಚರ ತೀರ್ಪನ್ನು ಡಿಕ್ರಿಯಂತೆ ಜಾರಿಗೊಳಿಸಲು 1996ರ ಕಾಯಿದೆ ಅವಕಾಶವಿತ್ತಿದೆ. ಆದರೆ ತನ್ನ ಪಕ್ಷದ ತಪ್ಪನ್ನು ಒಪ್ಪುವಂತೆಯಾಗಲಿ, ಗೆದ್ದ ಮೇಲೆ ಎದುರಾಳಿಯನ್ನು ಬದುಕಗೊಡುವಂತೆಯಾಗಲಿ ಯಾವ ಕಾಯಿದೆಯೂ ಮಾಡಲಾರದು. ಅದು ರುಜು ಹಾಕುವವನ ಧರ್ಮ. ಆ ಧರ್ಮವನ್ನು ಪಾಲಿಸಲು ಮನಸ್ಸಿಲ್ಲದವರು ಪಂಚಾಯಿತಿಯನ್ನು ಕೋರದಿರುವುದೇ ಲೇಸೆಂದು ನಮ್ಮ ಅಭಿಪ್ರಾಯ.