ಅಬೂದರ್ದಾ(ರ): ಮನೆಯವರ ಹಕ್ಕನ್ನು ಅರಿತ ಸಹಾಬಿ



ಹಣ, ಆಸ್ತಿ, ಆರೋಗ್ಯ ಎಲ್ಲರಿಗೂ ಒಂದೇ ಅಳತೆಯಲ್ಲಿ ಸಿಗುವುದಿಲ್ಲ. ಆದರೆ ದಿನದ 24 ಗಂಟೆಗಳನ್ನು ಅಲ್ಲಾಹನು ಬಡವನಿಗೂ ಶ್ರೀಮಂತನಿಗೂ ಸಮನಾಗಿಯೇ ಕೊಟ್ಟಿದ್ದಾನೆ. ಅದರಲ್ಲಿ ದುಡಿಮೆಗೆಷ್ಟು, ಆರಾಧನೆಗೆಷ್ಟು, ಶರೀರಕ್ಕೆಷ್ಟು, ಮಡದಿ ಮಕ್ಕಳಿಗೆಷ್ಟು ಎಂಬ ಹಂಚಿಕೆಯನ್ನು ನಮಗೆ ಬಿಟ್ಟಿದ್ದಾನೆ. ಆ ಹಂಚಿಕೆಯ ಲೆಕ್ಕವನ್ನೂ ಒಂದು ದಿನ ಕೇಳಲಿದ್ದಾನೆ.

ನಮ್ಮ ಮೈಸೂರಿನ ಉದಯಗಿರಿಯ ಮನೆಗಳನ್ನೇ ನೋಡಿ. ಫಜ್ರ್ ನಮಾಝಿನ ನಂತರ ಆಟೋ ಹೊರಡಿಸಿದ ಗಂಡ ಮನೆ ಸೇರುವಾಗ ರಾತ್ರಿ ಹತ್ತು ಗಂಟೆ. ಹೆಂಡತಿ ಅಡುಗೆ, ಬಟ್ಟೆ, ಮಕ್ಕಳ ಶಾಲೆ ಎಲ್ಲ ಮುಗಿಸಿ ಬೀಡಿಯ ಮೊರವನ್ನೋ ಊದುಬತ್ತಿಯ ಮಣೆಯನ್ನೋ ಮುಂದಿಟ್ಟುಕೊಂಡು ಕುಳಿತರೆ ಏಳುವಾಗ ಸೊಂಟ ಹಿಡಿದಿರುತ್ತದೆ. ಗಂಡನಿಗೆ ಸಕ್ಕರೆ ಕಾಯಿಲೆ, ಹೆಂಡತಿಗೆ ರಕ್ತದೊತ್ತಡ. ಗುಳಿಗೆ ತರಲು ನೆನಪಿರುತ್ತದೆ. ಹತ್ತು ನಿಮಿಷ ಎದುರುಬದುರು ಕುಳಿತು ಮಾತಾಡಲು ನೆನಪಿರುವುದಿಲ್ಲ. ಸಿಕ್ಕ ಅಷ್ಟಿಷ್ಟು ಬಿಡುವನ್ನು ಮೊಬೈಲ್ ನುಂಗುತ್ತದೆ. ಇಬ್ಬರೂ ಕೆಟ್ಟವರಲ್ಲ, ಸೋಮಾರಿಗಳೂ ಅಲ್ಲ. ಆದರೂ ಮನೆಯಲ್ಲಿ ಯಾರೋ ಒಬ್ಬರ ಪಾಲು ಸದ್ದಿಲ್ಲದೆ ಕಡಿಮೆಯಾಗುತ್ತಿರುತ್ತದೆ.

ಇದು ಹೊಸ ಸಮಸ್ಯೆಯೇನಲ್ಲ. ಹದಿನಾಲ್ಕು ಶತಮಾನಗಳ ಹಿಂದೆ ಮದೀನಾದ ಒಂದು ಮನೆಯಲ್ಲಿಯೂ ಇದು ತಲೆದೋರಿತ್ತು. ಅದು ಹೆಸರಾಂತ ಸಹಾಬಿ ಅಬೂದರ್ದಾ(ರ) ಅವರ ಮನೆ.

ಅವರ ನಿಜನಾಮ ಉವೈಮಿರ್. ಮದೀನಾದ ಖಝ್ರಜ್ ಗೋತ್ರದವರು, ವೃತ್ತಿಯಲ್ಲಿ ವ್ಯಾಪಾರಿ. ಮದೀನಾದ ಬಹುಪಾಲು ಜನರು ಪ್ರವಾದಿ ಮುಹಮ್ಮದ್(ಸ) ಅವರ ಕರೆಗೆ ಓಗೊಟ್ಟ ಮೇಲೂ ಅವರು ತಮ್ಮ ಹಳೆಯ ನಂಬಿಕೆಯಲ್ಲೇ ಉಳಿದಿದ್ದರು. ಹಿಜರಿ 2ರಲ್ಲಿ, ಅಂದರೆ ಕ್ರಿ.ಶ. 624ರಲ್ಲಿ ನಡೆದ ಬದ್ರ್ ಕದನದ ಬಳಿಕವೇ ಅವರು ಇಸ್ಲಾಮ್ ಸ್ವೀಕರಿಸಿದ್ದು. ಅವರು ಮನೆಯಲ್ಲಿಲ್ಲದಾಗ ಆಪ್ತ ಗೆಳೆಯ ಅಬ್ದುಲ್ಲಾ ಬಿನ್ ರವಾಹಾ(ರ) ಬಂದು ಅವರ ವಿಗ್ರಹವನ್ನು ಒಡೆದು ಹೋದರೆಂದೂ, ತನ್ನನ್ನೇ ಕಾಪಾಡಿಕೊಳ್ಳಲಾಗದ್ದು ತನ್ನನ್ನು ಕಾಪಾಡೀತೇ ಎಂದು ಯೋಚಿಸಿದ ಅವರು ನೇರವಾಗಿ ಪ್ರವಾದಿವರ್ಯರ(ಸ) ಬಳಿಗೆ ನಡೆದರೆಂದೂ ಚರಿತ್ರೆಕಾರರು ಬರೆದಿದ್ದಾರೆ.

ತಡವಾಗಿ ಬಂದವರಿಗೆ ಸಾಮಾನ್ಯವಾಗಿ ಇರುವ ಆತುರ ಅವರಲ್ಲಿಯೂ ಇತ್ತು. ಕಳೆದುಹೋದ ವರ್ಷಗಳನ್ನು ತುಂಬಿಕೊಳ್ಳಬೇಕೆಂಬ ತವಕ. ವ್ಯಾಪಾರವನ್ನೂ ಆರಾಧನೆಯನ್ನೂ ಜೊತೆಗೂಡಿಸಲು ಮೊದಲು ಪ್ರಯತ್ನಿಸಿದರು. ಅದು ತಮ್ಮಿಂದಾಗದು ಎನಿಸಿದಾಗ ವ್ಯಾಪಾರವನ್ನೇ ಕೈಬಿಟ್ಟರು. ವ್ಯಾಪಾರ ನಿಷಿದ್ಧವೆಂದು ಅವರು ಎಂದೂ ಹೇಳಲಿಲ್ಲ. ಅಲ್ಲಾಹನ ಸ್ಮರಣೆಯಿಂದ ಅದು ತನ್ನನ್ನು ದೂರ ಒಯ್ಯಬಾರದೆಂಬ ಭಯವಷ್ಟೇ ಅವರದು. ಹಗಲಿಡೀ ಉಪವಾಸ, ರಾತ್ರಿಯಿಡೀ ನಮಾಝ್. ಹೊರಗಿನಿಂದ ನೋಡುವವರಿಗೆ ಇದಕ್ಕಿಂತ ಉತ್ತಮ ಜೀವನ ಬೇರೆ ಯಾವುದಿದ್ದೀತು?

ಆದರೆ ಆ ಮನೆಯ ಒಳಗೆ ಒಬ್ಬ ಹೆಣ್ಣು ಮಗಳಿದ್ದರು.

ಮದೀನಾದಲ್ಲಿ ಪ್ರವಾದಿವರ್ಯರು(ಸ) ಅಬೂದರ್ದಾ(ರ) ಮತ್ತು ಪರ್ಷಿಯಾದಿಂದ ಬಂದ ಸಲ್ಮಾನ್(ರ) ಅವರ ನಡುವೆ ಸಹೋದರ ಸಂಬಂಧ ಏರ್ಪಡಿಸಿದ್ದರು. ಒಂದು ದಿನ ಸಲ್ಮಾನ್(ರ) ಸಹೋದರನ ಮನೆಗೆ ಬಂದರು. ಉಮ್ಮು ದರ್ದಾ(ರ) ಹಳೆಯ, ಮಾಸಿದ ಉಡುಪಿನಲ್ಲಿದ್ದರು. ಗಂಡನಿರುವ ಹೆಣ್ಣು ಹೀಗೇಕಿದ್ದಾರೆ ಎಂದು ಕಳವಳಗೊಂಡು ಕಾರಣ ಕೇಳಿದರು. ನಿಮ್ಮ ಸಹೋದರನಿಗೆ ಈ ಲೋಕದ ಯಾವ ಅಗತ್ಯವೂ ಇಲ್ಲ ಎಂದಷ್ಟೇ ಆಕೆ ಉತ್ತರಿಸಿದರು. ಓದುಗರೇ, ಗಮನಿಸಿ. ಇದರಲ್ಲಿ ಬೈಗುಳವಿಲ್ಲ, ದೂರೂ ಇಲ್ಲ. ಆದರೆ ಎಷ್ಟು ರಾತ್ರಿಗಳ ಒಂಟಿತನ ಆ ಒಂದು ಮಾತಿನಲ್ಲಿ ಅಡಗಿದೆ!

ಸಲ್ಮಾನ್(ರ) ಅರ್ಥ ಮಾಡಿಕೊಂಡರು. ಅತಿಥಿಗಾಗಿ ಊಟ ಬಂತು. ತನಗೆ ಉಪವಾಸವಿದೆ ಎಂದರು ಅಬೂದರ್ದಾ(ರ). ನೀವು ಉಣ್ಣದೆ ತಾನೂ ಉಣ್ಣುವುದಿಲ್ಲವೆಂದು ಸಲ್ಮಾನ್(ರ) ಪಟ್ಟು ಹಿಡಿದರು. ಅದು ಐಚ್ಛಿಕ ಉಪವಾಸವಾದ್ದರಿಂದ ಅತಿಥಿಗಾಗಿ ಅದನ್ನು ಬಿಟ್ಟು ಇಬ್ಬರೂ ಜೊತೆಯಾಗಿ ಉಂಡರು. ರಾತ್ರಿಯಾಯಿತು. ಅಬೂದರ್ದಾ(ರ) ನಮಾಝಿಗೆಂದು ಎದ್ದರು. ಮಲಗಿರಿ ಎಂದರು ಸಲ್ಮಾನ್(ರ). ಸ್ವಲ್ಪ ಹೊತ್ತಿನಲ್ಲಿ ಮತ್ತೆ ಎದ್ದರು, ಮತ್ತೆ ಮಲಗಿಸಿದರು. ರಾತ್ರಿಯ ಕೊನೆಯ ಭಾಗದಲ್ಲಿ ಸಲ್ಮಾನ್(ರ) ತಾವೇ ಅವರನ್ನು ಎಬ್ಬಿಸಿದರು. ಇಬ್ಬರೂ ನಮಾಝ್ ಮಾಡಿದರು. ಅನಂತರ ಸಲ್ಮಾನ್(ರ) ತಿಳಿಹೇಳಿದರು: ನಿಮ್ಮ ಪ್ರಭುವಿಗೆ ನಿಮ್ಮ ಮೇಲೆ ಹಕ್ಕಿದೆ, ನಿಮ್ಮ ಶರೀರಕ್ಕೂ ಹಕ್ಕಿದೆ, ನಿಮ್ಮ ಮನೆಯವರಿಗೂ ಹಕ್ಕಿದೆ, ಪ್ರತಿಯೊಬ್ಬ ಹಕ್ಕುದಾರನಿಗೂ ಅವನ ಹಕ್ಕನ್ನು ಸಲ್ಲಿಸಬೇಕು. ಅಬೂದರ್ದಾ(ರ) ಈ ವಿಷಯವನ್ನು ಪ್ರವಾದಿವರ್ಯರ(ಸ) ಮುಂದಿಟ್ಟಾಗ, ಸಲ್ಮಾನ್ ಸತ್ಯವನ್ನೇ ಹೇಳಿದ್ದಾರೆಂದು ಅವರು ಅನುಮೋದಿಸಿದರು. ಬುಖಾರಿಯಲ್ಲಿ ಈ ಘಟನೆ ದಾಖಲಾಗಿದೆ.

ಇಲ್ಲಿ ಹಕ್ಕು ಎಂಬ ಪದವನ್ನು ಗಮನಿಸಿ. ನಿದ್ರೆ, ಊಟ, ಮಡದಿಯ ಜೊತೆಗಿನ ಮಾತುಕತೆ ಇವೆಲ್ಲ ಬಿಡುವಿದ್ದರೆ ಮಾಡುವ ಉಪಕಾರವೆಂದು ನಾವು ಭಾವಿಸಿದ್ದೇವೆ. ಇಸ್ಲಾಮ್ ಅವನ್ನು ಹಕ್ಕೆಂದು ಕರೆಯಿತು. ಹಕ್ಕು ಸಲ್ಲದೆ ಉಳಿದರೆ ಅದು ಸಾಲ. ನಮಾಝ್, ಉಪವಾಸದಂಥ ಪುಣ್ಯಕರ್ಮವೇ ಮಡದಿಯ ಹಕ್ಕನ್ನು ಕಬಳಿಸಬಾರದೆಂದ ಮೇಲೆ ಓವರ್‌ಟೈಮಿಗೆ, ಗೆಳೆಯರ ಹರಟೆಗೆ, ಮೊಬೈಲಿಗೆ ಆ ಅನುಮತಿ ಎಲ್ಲಿಂದ ಬಂತು?

ಅಬೂದರ್ದಾ(ರ) ಈ ಪಾಠವನ್ನು ಮರೆಯಲಿಲ್ಲವೆಂಬುದಕ್ಕೆ ಅವರ ಮುಂದಿನ ಬದುಕೇ ಸಾಕ್ಷಿ. ದಾಂಪತ್ಯದ ಬಗ್ಗೆ ಅವರು ಪತ್ನಿಯೊಂದಿಗೆ ಮಾಡಿಕೊಂಡ ಒಪ್ಪಂದವೊಂದು ಗ್ರಂಥಗಳಲ್ಲಿ ಉಳಿದಿದೆ. ತಾನು ಸಿಟ್ಟಾದಾಗ ಆಕೆ ಸಮಾಧಾನಪಡಿಸಬೇಕು, ಆಕೆ ಸಿಟ್ಟಾದಾಗ ತಾನು ಸಮಾಧಾನಪಡಿಸುತ್ತೇನೆ. ಇಲ್ಲವಾದರೆ ಒಟ್ಟಿಗೆ ಬಾಳುವುದು ಹೇಗೆ ಎಂಬುದು ಅದರ ಸಾರ. ಸಿಟ್ಟೇ ಬರಬಾರದೆಂದು ಅವರು ಹೇಳಲಿಲ್ಲ. ಸಿಟ್ಟು ಇಬ್ಬರಿಗೂ ಬರುತ್ತದೆ, ಒಂದೇ ಸಲಕ್ಕೆ ಬಾರದಿದ್ದರೆ ಸಾಕು.

ಮನಸ್ಸಿಗೂ ವಿರಾಮ ಬೇಕೆಂಬುದನ್ನು ಅವರು ಅರಿತಿದ್ದರು. ಸತ್ಯದ ಹಾದಿಯಲ್ಲಿ ಇನ್ನಷ್ಟು ಬಲ ಬರಲೆಂದು ತಾನು ಅನುಮತಿಸಲ್ಪಟ್ಟ ವಿನೋದದಿಂದ ಮನಸ್ಸನ್ನು ಹಗುರ ಮಾಡಿಕೊಳ್ಳುತ್ತೇನೆ ಎಂಬರ್ಥದ ಮಾತು ಅವರದೆಂದು ವರದಿಯಾಗಿದೆ. ದಮಾಸ್ಕಸ್‌ನಲ್ಲಿ ಅವರು ಗಿಡ ನೆಡುತ್ತಿರುವುದನ್ನು ಕಂಡ ಒಬ್ಬರು, ಪ್ರವಾದಿಯವರ ಸಂಗಾತಿಯೊಬ್ಬರು ಇಂಥ ಕೆಲಸ ಮಾಡುವುದೇ ಎಂದು ಬೆರಗಾದರು. ನೆಟ್ಟ ಗಿಡದಿಂದ ಮನುಷ್ಯನಾಗಲಿ ಇತರ ಜೀವಿಯಾಗಲಿ ತಿಂದರೆ ಅದು ನೆಟ್ಟವನಿಗೆ ದಾನವಾಗುತ್ತದೆಂದು ಪ್ರವಾದಿವರ್ಯರಿಂದ(ಸ) ಕೇಳಿದ್ದನ್ನು ಅಬೂದರ್ದಾ(ರ) ತಿಳಿಸಿದರು. ಶರೀರಕ್ಕೆ ಚಲನೆ, ಮನಸ್ಸಿಗೆ ಉಲ್ಲಾಸ, ಪರಲೋಕಕ್ಕೆ ಪುಣ್ಯ: ಒಂದು ಗಿಡದಲ್ಲಿ ಮೂರು ಲಾಭ.

ದಮಾಸ್ಕಸ್‌ಗೆ ಅವರು ಹೋದದ್ದು ಖಲೀಫಾ ಉಮರ್(ರ) ಅವರ ಕಾಲದಲ್ಲಿ, ಸಿರಿಯಾದ ಜನರಿಗೆ ಕುರ್‌ಆನ್ ಕಲಿಸಲು. ಅಲ್ಲಿನ ಮಸೀದಿಯಲ್ಲಿ ವಿದ್ಯಾರ್ಥಿಗಳನ್ನು ಹತ್ತು ಹತ್ತು ಮಂದಿಯ ಗುಂಪುಗಳಾಗಿ ಮಾಡಿ, ಪ್ರತಿ ಗುಂಪಿಗೂ ಒಬ್ಬ ಮೇಲ್ವಿಚಾರಕನನ್ನು ನೇಮಿಸಿ ಪಾಠ ನಡೆಸುತ್ತಿದ್ದರೆಂದು ವಿದ್ವಾಂಸರು ವಿವರಿಸುತ್ತಾರೆ. ಆ ನಗರದ ನ್ಯಾಯಾಧೀಶರೂ ಆದರು. ಇಷ್ಟೆಲ್ಲ ಹೊಣೆಗಳ ನಡುವೆಯೂ ಮನೆಯವರ ಹಿತ ಅವರ ಕಣ್ಣಿಂದ ಮರೆಯಾಗಲಿಲ್ಲ. ಪ್ರಾಂತ್ಯಾಧಿಕಾರಿ ಮುಆವಿಯಾ(ರ) ಅವರ ಮಗ ಯಝೀದ್ ಮಗಳನ್ನು ಕೇಳಿದಾಗ ಅವರು ಒಪ್ಪದೆ ಒಬ್ಬ ಸಾಧಾರಣ ಸತ್ಯವಿಶ್ವಾಸಿಗೆ ಮದುವೆ ಮಾಡಿಕೊಟ್ಟರೆಂಬ ವರದಿಯೊಂದಿದೆ. ಅರಮನೆಯ ವೈಭವದ ನಡುವೆ ಮಗಳ ಧರ್ಮನಿಷ್ಠೆಯ ಗತಿಯೇನು ಎಂಬುದು ಅವರ ಚಿಂತೆಯಾಗಿತ್ತು.

ಮೊದಲ ಪತ್ನಿ ಖೈರಾ(ರ) ಅವರ ನಿಧನಾನಂತರ ಹುಜೈಮಾ ಎಂಬ ವಿದುಷಿ ಅವರ ಬಾಳಸಂಗಾತಿಯಾದರು. ಅವರಿಗೂ ಉಮ್ಮು ದರ್ದಾ ಎಂದೇ ಹೆಸರು. ಹಿಜರಿ 32ರ ಸುಮಾರಿಗೆ, ಅಂದರೆ ಕ್ರಿ.ಶ. 652ರ ವೇಳೆಗೆ, ಅಬೂದರ್ದಾ(ರ) ದಮಾಸ್ಕಸ್‌ನಲ್ಲಿ ಇಹಲೋಕ ತ್ಯಜಿಸಿದರು. ಬಳಿಕ ಮುಆವಿಯಾ(ರ) ಅವರಿಂದ ಬಂದ ವಿವಾಹ ಪ್ರಸ್ತಾಪವನ್ನು ಹುಜೈಮಾ ನಿರಾಕರಿಸಿದರು. ಸ್ವರ್ಗದಲ್ಲಿಯೂ ಅಬೂದರ್ದಾ ಅವರೇ ತನಗೆ ಪತಿಯಾಗಿ ಸಿಗಬೇಕೆಂಬುದು ಆಕೆಯ ಪ್ರಾರ್ಥನೆಯಾಗಿತ್ತು. ಮುಂದೆ ಆಕೆಯ ಪಾಠಕ್ಕೆ ಖಲೀಫಾ ಅಬ್ದುಲ್ ಮಲಿಕ್ ಕೂಡ ಬಂದು ಕೂರುತ್ತಿದ್ದರು.

ಪ್ರಿಯ ಸಹೋದರರೇ, ಒಂದು ಕಾಲದಲ್ಲಿ ಮಡದಿ ಮಾಸಿದ ಬಟ್ಟೆಯಲ್ಲಿ ಒಂಟಿಯಾಗಿದ್ದ ಮನೆಯ ಯಜಮಾನನೇ, ಕೊನೆಗೆ ಪತ್ನಿಯು ಪರಲೋಕದಲ್ಲಿಯೂ ಬಯಸುವ ಪತಿಯಾದರು. ಈ ದೂರವನ್ನು ಕ್ರಮಿಸಲು ಅವರಿಗೆ ಸಾಧ್ಯವಾದದ್ದು, ಸಹೋದರನೊಬ್ಬ ತಿದ್ದಿದಾಗ ಕೋಪಿಸಿಕೊಳ್ಳದೆ ತಿದ್ದಿಕೊಂಡದ್ದರಿಂದ.

ಇಂದು ರಾತ್ರಿ ನಿಮ್ಮ ಮನೆಯಲ್ಲಿಯೂ ಲೆಕ್ಕ ಹಾಕಿ ನೋಡಿ. ಇಶಾ ನಂತರ ಅರ್ಧ ಗಂಟೆ ಮೊಬೈಲನ್ನು ಕಪಾಟಿನ ಮೇಲಿಟ್ಟು ಒಂದೇ ತಟ್ಟೆಯಲ್ಲಿ ಉಣ್ಣಿ. ಫಜ್ರ್ ಬಳಿಕ ಗಂಡ ಹೆಂಡತಿ ಜೊತೆಯಾಗಿ ಎರಡು ಬೀದಿ ನಡೆಯಿರಿ. ವೈದ್ಯರು ಹೇಳಿದ ವ್ಯಾಯಾಮವೂ ಆಯಿತು, ಮಾತೂ ಆಯಿತು. ಆಕೆ ಹೊಸೆದ ಬೀಡಿಯ ಲೆಕ್ಕ ಕೇಳುವ ಮುನ್ನ ಆಕೆಯ ಸೊಂಟದ ನೋವನ್ನು ಕೇಳಿ. ಸಹೋದರಿಯರೇ, ನೀವೂ ಮಾಸಿದ ಬಟ್ಟೆಯಲ್ಲಿ ಮೌನವಾಗಿ ಉಳಿಯಬೇಡಿ. ಕೇಳಿದವರಿಗೆ ಉಮ್ಮು ದರ್ದಾ(ರ) ಸಭ್ಯವಾಗಿ ನಿಜ ಹೇಳಿದರು. ಆ ಒಂದು ಮಾತಿನಿಂದಲೇ ಅವರ ಮನೆ ಸರಿಹೋಯಿತು. ಪ್ರತಿಯೊಬ್ಬ ಹಕ್ಕುದಾರನಿಗೂ ಅವನ ಹಕ್ಕನ್ನು ಸಲ್ಲಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.