ದುರಸ್ತಿಗಾರ ಲಿಯೊ ಫೆಂಡರ್

ಕಲಬುರಗಿ ನಗರದ ಮದುವೆ ಮಂಟಪದಲ್ಲಾಗಲಿ, ಕಮಲಾಪುರದ ಉತ್ಸವದಲ್ಲಾಗಲಿ ವಾದ್ಯಗೋಷ್ಠಿ ನಡೆದಾಗ ಹಾಡಿಗೆ ತಳಹದಿಯಂತೆ ಗಂಭೀರವಾದ ಮಂದ್ರನಾದವೊಂದು ಕೇಳಿಬರುವುದುಂಟು. ಅದು ನಾಲ್ಕು ತಂತಿಗಳ ವಿದ್ಯುತ್ ಬೇಸ್ ಗಿಟಾರಿನ ನಾದ. ಈ ವಾದ್ಯವನ್ನು ಲೋಕಪ್ರಿಯಗೊಳಿಸಿದ ಲಿಯೊ ಫೆಂಡರ್ ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಅವರು ರೇಡಿಯೊ ದುರಸ್ತಿಗಾರರು.

ಫೆಂಡರ್ 1909ರ ಆಗಸ್ಟ್ 10ರಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜನಿಸಿದರು. ತಂದೆತಾಯಿಗಳು ಕಿತ್ತಳೆ ತೋಟದ ಒಡೆಯರು. ಎಂಟನೆಯ ವಯಸ್ಸಿನಲ್ಲಿ ಎಡಗಣ್ಣಿಗೆ ಗಡ್ಡೆಯಾಗಿ ಆ ಕಣ್ಣನ್ನೇ ತೆಗೆಯಬೇಕಾಯಿತು. ಅಂದಿನಿಂದ ಅವರಿಗೆ ಗಾಜಿನ ಕಣ್ಣೇ ಗತಿಯಾಯಿತು. ಬಂಧುವೊಬ್ಬರು ಕಳುಹಿಸಿದ ಹಳೆಯ ರೇಡಿಯೊ ಬಿಡಿಭಾಗಗಳ ಪೆಟ್ಟಿಗೆಯೇ ಬಾಲಕನಿಗೆ ಪಾಠಶಾಲೆಯಾಯಿತು. ಕಾಲೇಜಿನಲ್ಲಿ ಕಲಿತದ್ದು ಲೆಕ್ಕಪತ್ರ ಶಾಸ್ತ್ರ. ವಿದ್ಯುನ್ಮಾನ ವಿದ್ಯೆ ಸ್ವಂತ ಪರಿಶ್ರಮದ ಫಲ. ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ ಲೆಕ್ಕಿಗನ ಕೆಲಸವೂ ಕೈತಪ್ಪಿತು. ಫೆಂಡರ್ ಎದೆಗುಂದಲಿಲ್ಲ. 1938ರಲ್ಲಿ ಆರುನೂರು ಡಾಲರ್ ಸಾಲ ಪಡೆದು ಫುಲರ್ಟನ್ ಪಟ್ಟಣದಲ್ಲಿ ರೇಡಿಯೊ ದುರಸ್ತಿಯ ಅಂಗಡಿ ತೆರೆದರು.

ಸಂಗೀತಗಾರರು ಕೆಟ್ಟ ಧ್ವನಿವರ್ಧಕಗಳನ್ನು ಹೊತ್ತು ಅಲ್ಲಿಗೆ ಬರತೊಡಗಿದರು. ಫೆಂಡರ್ ಯಂತ್ರವನ್ನು ಸರಿಪಡಿಸುವುದರ ಜೊತೆಗೆ ಅವರ ಕಷ್ಟವನ್ನೂ ಕಿವಿಗೊಟ್ಟು ಆಲಿಸಿದರು. ಮಂದ್ರ ವಾದಕರ ಕಷ್ಟ ದೊಡ್ಡದು. ಅವರ ಡಬಲ್ ಬೇಸ್ ಆಳೆತ್ತರದ ವಾದ್ಯ. ಹೊತ್ತು ತಿರುಗುವುದೇ ಪ್ರಯಾಸ. ಇಷ್ಟಾದರೂ ತಮಟೆ ತುತ್ತೂರಿಗಳ ಅಬ್ಬರದಲ್ಲಿ ಅದರ ದನಿ ಅಡಗಿಹೋಗುತ್ತಿತ್ತು. ವಿದ್ಯುತ್ ಬೇಸ್ ನಿರ್ಮಿಸುವ ಪ್ರಯತ್ನಗಳು ಮೊದಲೂ ನಡೆದಿದ್ದವು. ಆದರೆ ಜನಮನ್ನಣೆ ಗಳಿಸಿದ್ದು 1951ರಲ್ಲಿ ಫೆಂಡರ್ ಹೊರತಂದ ಪ್ರಿಸಿಷನ್ ಬೇಸ್. ಅದರ ಕುತ್ತಿಗೆಯ ಮೇಲಿನ ಲೋಹದ ಮೆಟ್ಟಿಲುಗಳಿಂದಾಗಿ ಸ್ವರ ಖಚಿತವಾಗಿ ಹೊಮ್ಮುತ್ತಿತ್ತು. ಆ ಹೆಸರು ಬಂದದ್ದೂ ಅದರಿಂದಲೇ.

ಈ ವಾದ್ಯದ ಒಡಲು ಸರಳ. ಅಯಸ್ಕಾಂತದ ಸುತ್ತ ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಇದೇ ಪಿಕಪ್. ಉಕ್ಕಿನ ತಂತಿ ಮಿಡಿದಾಗ ಕಾಂತಕ್ಷೇತ್ರ ಕದಲಿ ಸುರುಳಿಯಲ್ಲಿ ಅತ್ಯಲ್ಪ ವಿದ್ಯುತ್ ಹುಟ್ಟುತ್ತದೆ. ಧ್ವನಿವರ್ಧಕ ಅದನ್ನು ಹಿಗ್ಗಿಸುತ್ತದೆ. ನಾದದ ಏರಿಳಿತಕ್ಕೊಂದು, ಗುಣಕ್ಕೊಂದು ತಿರುಗುಗುಬ್ಬಿ. ಕೊನೆಗೆ ವಯರ್ ಸಿಕ್ಕಿಸುವ ಕಿಂಡಿ. ಕುತ್ತಿಗೆಯನ್ನು ಅಂಟಿನಿಂದ ಬೆಸೆಯದೆ ತಿರುಪುಗಳಿಂದ ಬಿಗಿದದ್ದರಿಂದ ಕೆಟ್ಟ ಭಾಗವನ್ನಷ್ಟೇ ಬದಲಿಸಬಹುದಾಗಿತ್ತು. ದುರಸ್ತಿಗಾರನ ಬವಣೆ ಬಲ್ಲವರ ನಿರ್ಮಾಣವಿದು!

ಆದುದರಿಂದಲೇ ಬೇಸ್ ಗಿಟಾರ್ ಮೂಕವಾದರೆ ಅನೇಕ ದೋಷಗಳನ್ನು ಮನೆಯಲ್ಲಿಯೇ ಪತ್ತೆಹಚ್ಚಬಹುದು. ಮೊದಲು ವಯರನ್ನು ಬದಲಿಸಿ ನೋಡಬೇಕು. ಬಳಿಕ ಕಿಂಡಿ ಸಡಿಲವಾಗಿದೆಯೇ ಎಂದು ಪರೀಕ್ಷಿಸಬೇಕು. ಗುಬ್ಬಿ ತಿರುಗಿಸುವಾಗ ಕರಕರ ಸದ್ದಾದರೆ ಒಳಗೆ ಧೂಳು ಸೇರಿರಬಹುದು. ಎಡೆಬಿಡದ ಗುಂಯ್‌ಗುಡುವಿಕೆ ಭೂಸಂಪರ್ಕದ ತಂತಿ ಬಿಟ್ಟುಹೋದುದರ ಸೂಚನೆಯಿರಬಹುದು. ಬೆಸುಗೆ ಹಾಕಿದರೆ ಸರಿಹೋಗುತ್ತದೆ. ಪಿಕಪ್ಪನ್ನು ಶಂಕಿಸುವುದು ಕಟ್ಟಕಡೆಗೆ. ಸುಲಭವಾದುದರಿಂದ ಕಠಿಣವಾದುದರ ಕಡೆಗೆ ಸಾಗುವುದೇ ಇಲ್ಲಿನ ಕ್ರಮ. ಧ್ವನಿವರ್ಧಕದ ಪೆಟ್ಟಿಗೆಯನ್ನು ಮಾತ್ರ ತಜ್ಞರಲ್ಲದವರು ತೆರೆಯಬಾರದು; ಅದರೊಳಗಿನ ವಿದ್ಯುತ್ತು ಪ್ರಾಣಾಪಾಯಕಾರಿ.

ಫೆಂಡರ್ ತಮ್ಮ ಕೃತಿಯಲ್ಲಿಯೂ ಕುಂದು ಹುಡುಕುತ್ತಲೇ ಇದ್ದರು. 1957ರಲ್ಲಿ ಪಿಕಪ್ಪನ್ನು ಎರಡು ಭಾಗವಾಗಿಸಿ, ಒಂದರ ಗುಂಯ್‌ಗುಡುವಿಕೆಯನ್ನು ಇನ್ನೊಂದು ಅಳಿಸುವಂತೆ ಮಾಡಿದರು. ಅನಾರೋಗ್ಯದ ನಿಮಿತ್ತ 1965ರಲ್ಲಿ ತಮ್ಮ ಸಂಸ್ಥೆಯನ್ನು ಒಂದು ಕೋಟಿ ಮೂವತ್ತು ಲಕ್ಷ ಡಾಲರುಗಳಿಗೆ ಮಾರಿದರು. ಹಣ ಬಂದಿತು, ಆರೋಗ್ಯವೂ ಮರಳಿತು. ಆದರೆ ಸುಮ್ಮನೆ ಕೂರುವುದು ಅವರಿಂದಾಗಲಿಲ್ಲ. ಮತ್ತೆ ಕಾರ್ಯಾಗಾರ ಸೇರಿ ಹೊಸ ವಾದ್ಯಗಳನ್ನು ರೂಪಿಸಿದರು. ಪಾರ್ಕಿನ್‌ಸನ್ ರೋಗ ಬಾಧಿಸಿದಾಗಲೂ ಕೆಲಸ ಬಿಡಲಿಲ್ಲ. 1991ರ ಮಾರ್ಚ್ 21ರಂದು ಅವರು ನಿಧನರಾದರು.

ಒಂದೇ ಕಣ್ಣಿನಿಂದ ದೋಷವನ್ನು ಕಂಡು, ಎರಡು ಕಿವಿಗಳಿಂದ ಪರರ ಕಷ್ಟವನ್ನು ಆಲಿಸಿದ ಬಾಳು ಅದು. ಕೆಟ್ಟುದನ್ನು ಎಸೆಯದೆ, ಅದೇಕೆ ಕೆಟ್ಟಿತೆಂದು ಕೇಳುವವನೇ ಹೊಸದನ್ನು ಕಟ್ಟಬಲ್ಲನೆಂಬುದನ್ನು ಫೆಂಡರ್ ತೋರಿಸಿಕೊಟ್ಟರು.