ಕಣ್ಣಲ್ಲ, ಗಮನ: ಹೆಲ್ಮ್‌ಹೋಲ್ಟ್ಸ್ ಜೀವನ

ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ 1821ರ ಆಗಸ್ಟ್ 31ರಂದು ಜರ್ಮನಿಯ ಪಾಟ್ಸ್‌ಡಾಮ್ ನಗರದಲ್ಲಿ ಜನಿಸಿದರು. ತಂದೆ ಶಾಲಾ ಶಿಕ್ಷಕರು. ಬಾಲ್ಯದಲ್ಲಿ ಹರ್ಮನ್‌ಗೆ ಆರೋಗ್ಯ ಚೆನ್ನಾಗಿರಲಿಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ಪದಗಳನ್ನು ಬಾಯಿಪಾಠ ಮಾಡುವುದು ಅವರಿಗೆ ಬಹಳ ಕಷ್ಟವಾಗುತ್ತಿತ್ತು. ಎಡ-ಬಲ ಗುರುತಿಸಲೂ ತಡವರಿಸುತ್ತಿದ್ದರು. ತರಗತಿಯಲ್ಲಿ ಲ್ಯಾಟಿನ್ ಪಾಠ ನಡೆಯುವಾಗ ಈ ಹುಡುಗ ಮೇಜಿನ ಕೆಳಗೆ, ದೂರದರ್ಶಕದೊಳಗೆ ಬೆಳಕಿನ ಕಿರಣ ಸಾಗುವ ಲೆಕ್ಕ ಮಾಡುತ್ತಿದ್ದ.

ಭೌತಶಾಸ್ತ್ರ ಓದುವ ಆಸೆಯಿತ್ತು, ಆದರೆ ಮನೆಯಲ್ಲಿ ಹಣವಿರಲಿಲ್ಲ. ಆದ್ದರಿಂದ ಸರ್ಕಾರದ ನೆರವಿನಿಂದ ಬರ್ಲಿನ್‌ನಲ್ಲಿ ವೈದ್ಯಕೀಯ ಓದಿದರು. ಅದಕ್ಕೆ ಪ್ರತಿಯಾಗಿ ಸೈನ್ಯದಲ್ಲಿ ವೈದ್ಯರಾಗಿ ದುಡಿಯಬೇಕಾಯಿತು. ಆ ಕೆಲಸದ ನಡುವೆಯೇ 1847ರಲ್ಲಿ ಶಕ್ತಿ ಸಂರಕ್ಷಣೆಯ ಬಗ್ಗೆ ಪ್ರಸಿದ್ಧ ಪ್ರಬಂಧ ಬರೆದರು. 1849ರಲ್ಲಿ ಕೋನಿಗ್ಸ್‌ಬರ್ಗ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ಅಲ್ಲಿ ಕಪ್ಪೆಯ ನರದಲ್ಲಿ ಸಂದೇಶ ಸಾಗುವ ವೇಗವನ್ನು ಅಳೆದರು. ಜೀವಂತ ಕಣ್ಣಿನ ಒಳಭಾಗವನ್ನು ವೈದ್ಯರು ನೋಡಲು ನೆರವಾಗುವ ಆಫ್ತಾಲ್ಮೋಸ್ಕೋಪ್ ಉಪಕರಣವನ್ನು 1851ರಲ್ಲಿ ಜಗತ್ತಿಗೆ ಪರಿಚಯಿಸಿದರು.

ದೃಷ್ಟಿಯ ಬಗ್ಗೆ ಅವರು ಮಾಡಿದ ಒಂದು ಪ್ರಯೋಗ ಶಿಕ್ಷಕರೆಲ್ಲರೂ ತಿಳಿಯಬೇಕಾದದ್ದು. ಕತ್ತಲೆಯ ಪೆಟ್ಟಿಗೆಯೊಳಗೆ ಅಕ್ಷರಗಳಿದ್ದ ಹಾಳೆಯನ್ನಿಟ್ಟು, ಒಂದೇ ಬಿಂದುವಿನ ಮೇಲೆ ಕಣ್ಣು ನೆಟ್ಟು ಕುಳಿತರು. ವಿದ್ಯುತ್ ಕಿಡಿಯಿಂದ ಕ್ಷಣಮಾತ್ರ ಬೆಳಕಾಯಿತು. ಕಣ್ಣು ಹೊರಳಿಸಲೂ ಸಮಯವಿಲ್ಲ. ಆದರೂ ಮೊದಲೇ ಮನಸ್ಸನ್ನು ಯಾವ ಮೂಲೆಗೆ ಇಟ್ಟಿದ್ದರೋ ಆ ಮೂಲೆಯ ಅಕ್ಷರಗಳನ್ನು ಅವರು ಓದಬಲ್ಲವರಾದರು. ಬೇರೆ ಕಡೆಯ ಅಕ್ಷರಗಳು ತಿಳಿಯಲಿಲ್ಲ. ಕಣ್ಣು ಒಂದೆಡೆ ಇದ್ದು ಗಮನ ಇನ್ನೊಂದೆಡೆ ಇರಬಹುದೆಂದು ಇದರಿಂದ ಸ್ಪಷ್ಟವಾಯಿತು.

1894ರ ಸೆಪ್ಟೆಂಬರ್ 8ರಂದು ಅವರು ನಿಧನರಾದರು. ಆದರೆ ಆ ವಿಚಾರ ಮುಂದುವರಿಯಿತು. 2003ರಲ್ಲಿ ಗ್ರಿಫಿನ್ ಮತ್ತು ನೋಬ್ರೆ ಎಂಬ ಸಂಶೋಧಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಚಿತ್ರ ಕಣ್ಮರೆಯಾದ ಮೇಲೆ, ಅದರ ಯಾವ ಜಾಗ ಮುಖ್ಯವೆಂದು ಸೂಚನೆ ಕೊಟ್ಟರೂ ನೋಡಿದವರು ಆ ಜಾಗದ್ದನ್ನು ಹೆಚ್ಚು ಚೆನ್ನಾಗಿ ನೆನಪಿಸಿಕೊಂಡರು. ಅಂದರೆ ಮಿದುಳು ಹೊರಗಿನ ದೃಶ್ಯದತ್ತ ಮಾತ್ರವಲ್ಲ, ನೆನಪಿನಲ್ಲಿ ಹಿಡಿದಿಟ್ಟ ದೃಶ್ಯದೊಳಗೂ ಗಮನವನ್ನು ತಿರುಗಿಸಬಲ್ಲದು. ಈ ತಾತ್ಕಾಲಿಕ ನೆನಪಿನ ಚೀಲ ಚಿಕ್ಕದು. ಒಮ್ಮೆಗೆ ಸುಮಾರು ಮೂರು-ನಾಲ್ಕು ವಸ್ತುಗಳಷ್ಟೇ ಅದರಲ್ಲಿ ಹಿಡಿಯುತ್ತವೆ.

ಶಿಕ್ಷಕ ಮಿತ್ರರೇ, ಕಪ್ಪು ಹಲಗೆಯನ್ನೇ ನೋಡುತ್ತಿರುವ ಮಗುವಿನ ಗಮನ ಅಲ್ಲೇ ಇದೆಯೆಂದು ತಿಳಿಯಬಾರದು. ಹಲಗೆಯ ತುಂಬ ಬರೆದು ಅಳಿಸುವ ಬದಲು, ಸ್ವಲ್ಪವೇ ಬರೆದು, ಮುಖ್ಯವಾದುದನ್ನು ಬೆರಳಿಟ್ಟು ತೋರಿಸೋಣ. ಬಾಯಿಪಾಠ ಬಾರದ ಮಗುವನ್ನು ದಡ್ಡನೆಂದು ಹಿಂದಿನ ಬೆಂಚಿಗೆ ಕಳಿಸುವ ಮೊದಲು ಪಾಟ್ಸ್‌ಡಾಮ್‌ನ ಆ ಹುಡುಗನನ್ನು ನೆನೆಯೋಣ.